ತೆಳ್ಳಗಿದ್ದ ಬಸವರಾಜು ಅವರ ಕೊಲೆಸ್ಟ್ರಾಲ್

ಗಿರಿಜಾಂಬಾ ಅವರ ಅಡುಗೆಮನೆಯಲ್ಲಿ ಎಣ್ಣೆ ಬಾಣಲೆ ಒಲೆ ಏರದೆ ಮೂರು ತಿಂಗಳಾಗಿತ್ತು. ಬೋಂಡ ಇಲ್ಲ, ಪೂರಿ ಇಲ್ಲ, ಭಾನುವಾರದ ದೋಸೆಗೆ ಬೆಣ್ಣೆ ಇಲ್ಲ. ಸಾರಿಗೆ ಒಗ್ಗರಣೆಯೂ ಇಲ್ಲ. ಇಷ್ಟಕ್ಕೆಲ್ಲ ಕಾರಣ ಅವರ ಯಜಮಾನರಾದ ಬಸವರಾಜು ಅವರ ರಕ್ತಪರೀಕ್ಷೆ.

ಬಸವರಾಜು ಅವರಿಗೆ ವಿಜಯನಗರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ವಯಸ್ಸು ನಲವತ್ತೊಂಬತ್ತು. ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವಂಥ ಮೈ. ಬೀಡಿ ಸಿಗರೇಟು ಮುಟ್ಟಿದವರಲ್ಲ. ಮಾಂಸ, ಮೊಟ್ಟೆ ಮನೆತನದಲ್ಲೇ ಇಲ್ಲ. ಅಂಥವರನ್ನು ಮಗಳು ಶಿವಾನಿ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಬಲವಂತವಾಗಿ ಕರೆದುಕೊಂಡು ಹೋಗಿದ್ದಳು. ಅಲ್ಲಿನ ಡಾಕ್ಟರ್ ವಿಭಾ, "ಕೆಟ್ಟ ಕೊಲೆಸ್ಟ್ರಾಲ್ ತುಂಬ ಹೆಚ್ಚಿದೆ. ಊಟದಲ್ಲಿ ಹಿಡಿತ ಇರಲಿ, ದಿನಾ ಒಂದು ಮಾತ್ರೆ ತಗೊಳ್ಳಿ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ" ಎಂದಿದ್ದರು.

ಮನೆಗೆ ಬಂದ ಬಸವರಾಜು ನಕ್ಕಿದ್ದರು. "ನಂಗಾ? ಮಿಷನ್ನೇ ಕೆಟ್ಟಿರ್ಬೇಕು ಬುಡೇ. ನನ್ ಮೈಯಲ್ಲಿ ಒಂದ್ ಚಮಚ ಕೊಬ್ಬು ಹುಡುಕಿಕೊಡು ನೋಡೋಣ."

ಗಿರಿಜಾಂಬಾ ಅವರಿಗೆ ನಗು ಬರಲಿಲ್ಲ. ಮದುವೆಯಾದಾಗಿನಿಂದ ಗಂಡನ ತಟ್ಟೆಗೆ ಬಡಿಸಿದ್ದು ತನ್ನದೇ ಕೈ. ತಪ್ಪೂ ತನ್ನ ಕೈಯದೇ ಎಂಬುದು ಅವರ ಮನಸ್ಸಿನಲ್ಲಿ ನಾಟಿಬಿಟ್ಟಿತು. ಅಂದಿನಿಂದ ಸೊಪ್ಪು, ಹುರುಳಿ, ರಾಗಿ, ಬೇಯಿಸಿದ ತರಕಾರಿ. ಏನು ಬಡಿಸಿದರೂ ಬಸವರಾಜು ಮಾತಾಡದೆ ಉಂಡು ಏಳುತ್ತಿದ್ದರು. ಆದರೆ ಅನ್ನಕ್ಕೆ ಸಾರು ಕಲಸಿಕೊಳ್ಳುವಾಗ ಅವರ ಕಣ್ಣು ತುಪ್ಪದ ಗಿಂಡಿ ಇರುತ್ತಿದ್ದ ಜಾಗಕ್ಕೆ ಹೋಗುವುದನ್ನು ಕಂಡು ಗಿರಿಜಾಂಬಾ ಬೇಗ ಬೇಗ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದರು.

ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದ್ದಾಯಿತು. ಶಿವಾನಿ ರಿಪೋರ್ಟು ಓದಿದಳು.

"ಅಮ್ಮಾ, ಸ್ವಲ್ಪ ಇಳಿದಿದೆ ಅಷ್ಟೆ. ಇನ್ನೂ ತುಂಬ ಜಾಸ್ತಿನೇ ಇದೆ."

ಗಿರಿಜಾಂಬಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟರು. "ಇನ್ನೇನ್ರೀ ಬಿಡ್ಸಲಿ ನಿಮಗೆ? ನಿಮಗಿಷ್ಟ ಆಗಿದ್ದನ್ನೆಲ್ಲ ಕಿತ್ಕೊಂಡ್ಬುಟ್ಟೆ. ಆದ್ರೂ ಇಳೀಲಿಲ್ಲ. ನನ್ ಕೈಯಲ್ಲೇ ವಿಷ ಇದ್ಯೇನೋ."

ಬಸವರಾಜು ಓಡಿಬಂದು ಹೆಂಡತಿಯ ಎದುರು ಕುಕ್ಕರುಗಾಲಲ್ಲಿ ಕುಳಿತರು. "ಅಳ್ಬೇಡ ಕಣೇ ಗಿರಿಜಾ. ನಿನ್ ಕೈಯಲ್ಲಿ ಏನೂ ಇಲ್ಲ." ಅವರ ಕಣ್ಣೊರೆಸಿದರು. "ನಾನು ಆ ಮಾತ್ರೆ ತಗೊಳ್ತಾನೇ ಇಲ್ಲ."

"ಅಂದ್ರೆ?"

"ಒಂದ್ ವಾರ ತಗೊಂಡೆ. ಆಮೇಲೆ ನಮ್ಮ ಟೀ ಅಂಗಡಿ ಪುಟ್ಟಣ್ಣ ಬಿಡಿಸ್ದ. ಆ ಮಾತ್ರೆ ಲಿವರ್ ಹಾಳು ಮಾಡ್ತದೆ, ಹಿಡಿದ್ರೆ ಸಾಯೋಗಂಟ ಬಿಡಲ್ಲ ಅಂದ. ಬೆಳ್ಳುಳ್ಳಿ ಕ್ಯಾಪ್ಸೂಲ್ ತಂದ್ಕೊಟ್ಟ. ಅದನ್ನೇ ನುಂಗ್ತಿದೀನಿ."

ಗಿರಿಜಾಂಬಾ ಅವರಿಗೆ ಸಿಟ್ಟಾಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಳುವಿನ ಸದ್ದು ಕೇಳಿ ಪಕ್ಕದ ಮನೆಯ ಚೂಡಾಮಣಿ ಬಂದರು. ಅವರು ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ವಿಷಯ ಕೇಳಿ ಅವರೂ ಅಲ್ಲೇ ನೆಲದ ಮೇಲೆ ಕುಳಿತರು.

"ಬೆಳ್ಳುಳ್ಳಿ ಒಳ್ಳೇದೇ, ಸಾರಿಗೆ ಧಾರಾಳವಾಗಿ ಹಾಕ್ಕೊಳ್ಳಿ. ಆದ್ರೆ ಮಾತ್ರೆ ಮಾಡೋ ಕೆಲಸ ಅದು ಮಾಡಲ್ಲ ಕಣ್ರೀ. ಕ್ಯಾಪ್ಸೂಲ್ ವಿಷಯ ಡಾಕ್ಟರಿಗೆ ಹೇಳಿದ್ರಾ?"

"ಇಲ್ಲ ಅಕ್ಕ."

"ಹೇಳ್ಬೇಕು. ಗಿಡಮೂಲಿಕೆ ಅಂದ ಮಾತ್ರಕ್ಕೆ ಎಲ್ಲ ಔಷಧದ ಜೊತೆಗೂ ಹೊಂದಿಕೊಳ್ಳಲ್ಲ."

"ನಾನ್ ಸಣ್ಣಗಿದೀನಲ್ಲ ಅಕ್ಕ. ಮಾಂಸಾನೂ ತಿನ್ನಲ್ಲ. ನಂಗೆಲ್ಲಿಂದ ಬಂತು ಇದು?"

"ಕೊಲೆಸ್ಟ್ರಾಲ್ ಬರೀ ತಟ್ಟೆಯಿಂದ ಬರಲ್ಲ. ಹೆಚ್ಚಿನ ಪಾಲು ನಮ್ಮ ಲಿವರೇ ತಯಾರು ಮಾಡುತ್ತೆ. ಕೆಲವು ಮನೆತನದಲ್ಲಿ ಹುಟ್ಟಿನಿಂದಲೇ ಜಾಸ್ತಿ. ನಿಮ್ಮ ತಂದೆಯವರು ಎಷ್ಟನೇ ವಯಸ್ಸಿಗೆ ಹೋದ್ರು?"

ಬಸವರಾಜು ನಡುಮನೆಯ ಗೋಡೆಯ ಮೇಲಿನ ಎರಡು ಫೋಟೋಗಳ ಕಡೆ ನೋಡಿದರು. ತಂದೆ ಐವತ್ತು ತುಂಬುವ ಮೊದಲೇ ಎದೆ ಹಿಡಿದುಕೊಂಡು ಕುಸಿದಿದ್ದರು. ಅಣ್ಣ ಚನ್ನಬಸವಯ್ಯ ಅದಕ್ಕಿಂತ ಚಿಕ್ಕ ವಯಸ್ಸಿಗೆ ಹೋಗಿದ್ದರು. ಇಬ್ಬರ ಫೋಟೋಗೂ ಕಟ್ಟು ಹಾಕಿದ್ದು ಇದೇ ಬಸವರಾಜು ಅವರ ಕೈ.

"ಅಣ್ಣಾನೂ ಇಂಥದೇ ಮಾತ್ರೆ ತಗೊಳ್ತಿದ್ದ ಅಕ್ಕ," ಎಂದರು ಕೊನೆಗೆ. ದನಿ ತೀರ ಸಣ್ಣದಾಗಿತ್ತು. "ತಗೊಂಡೂ ಹೋಗ್ಬುಟ್ಟ. ಮಾತ್ರೆ ಅಂಗೈಗೆ ಹಾಕ್ಕೊಂಡ್ರೆ ಅವನೇ ಕಣ್ಮುಂದೆ ಬರ್ತಾನೆ. ಬಾಯಿಗಿಡೋಕೆ ಆಗಲ್ಲ."

ಆಗ ಗಿರಿಜಾಂಬಾ ಅವರಿಗೆ ಎಲ್ಲ ಅರ್ಥವಾಯಿತು. ಪುಟ್ಟಣ್ಣನ ಮಾತು ಬರೀ ನೆಪ. ನಗುನಗುತ್ತ ಓಡಾಡಿಕೊಂಡಿದ್ದ ಮನುಷ್ಯ ಇಷ್ಟು ದಿನ ಒಬ್ಬರೇ ಹೆದರಿಕೊಂಡಿದ್ದರು. ಅವರು ಗಂಡನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

ಚೂಡಾಮಣಿ ಮೆಲ್ಲಗೆ ಕೇಳಿದರು. "ನಿಮ್ಮಣ್ಣನಿಗೆ ಮಾತ್ರೆ ಶುರು ಮಾಡಿದ್ದು ಯಾವಾಗ?"

"ಒಂದ್ಸಲ ಎದೆನೋವು ಬಂದ್ಮೇಲೆ."

"ಅಷ್ಟೊತ್ತಿಗಾಗಲೇ ರಕ್ತನಾಳ ಕಟ್ಟಿಕೊಂಡಿತ್ತು. ನಿಮಗೆ ನೋವು ಬರೋ ಮುಂಚೇನೇ ಗೊತ್ತಾಗಿದೆ. ಅವರಿಗೆ ಸಿಗದೇ ಹೋದ ಹೊತ್ತು ನಿಮಗೆ ಸಿಕ್ಕಿದೆ ಬಸವರಾಜು ಅವರೇ. ಕಳ್ಕೋಬೇಡಿ."

ಮಾರನೆಯ ದಿನ ಗಂಡ, ಹೆಂಡತಿ, ಮಗಳು ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದರು. ಬಸವರಾಜು ಒಂದನ್ನೂ ಮುಚ್ಚಿಡದೆ ತಾವೇ ಹೇಳಿದರು. ಡಾಕ್ಟರ್ ವಿಭಾ ಬೈಯಲಿಲ್ಲ.

"ಹೇಳಿದ್ದು ಒಳ್ಳೇದಾಯ್ತು. ಲಿವರ್ ಬಗ್ಗೆ ಭಯ ಇದ್ದರೆ ಅದನ್ನೂ ಪರೀಕ್ಷೆ ಮಾಡ್ತೀವಿ. ಹೆಚ್ಚಿನವರಿಗೆ ಈ ಮಾತ್ರೆಯಿಂದ ತೊಂದರೆ ಆಗಲ್ಲ. ಮೈಕೈ ತುಂಬ ನೋವು ಬಂದರೆ, ಬೇರೇನಾದರೂ ಅನಿಸಿದರೆ ನನ್ನ ಹತ್ತಿರ ಬನ್ನಿ. ಬದಲಾಯಿಸೋಣ. ನೀವಾಗಿ ನೀವೇ ನಿಲ್ಲಿಸಬೇಡಿ." ಆಮೇಲೆ ಗಿರಿಜಾಂಬಾ ಅವರ ಕಡೆ ತಿರುಗಿದರು. "ಈಗ ಇಳಿದಿರೋದು ನಿಮ್ಮ ಅಡುಗೆಯಿಂದ ಅಮ್ಮ. ನಿಮ್ಮ ಶ್ರಮ ಸುಮ್ಮನೆ ಹೋಗಿಲ್ಲ. ಆದರೆ ಒಗ್ಗರಣೇನೂ ಬಿಟ್ಟು ಉಪವಾಸ ಮಾಡಿಸಬೇಡಿ. ಒಂದು ಚಮಚ ಎಣ್ಣೆಯಲ್ಲಿ ಹಾಕಿ. ಕರಿದದ್ದು, ಡಾಲ್ಡಾ, ಬೇಕರಿ ತಿಂಡಿ ದೂರ ಇಡಿ. ತುಪ್ಪ ಅಪರೂಪಕ್ಕೆ, ಅದೂ ಸ್ವಲ್ಪ."

ಗಿರಿಜಾಂಬಾ ಕಣ್ಣೊರೆಸಿಕೊಂಡರು. ತನ್ನ ಕೈಯಲ್ಲಿ ವಿಷ ಇರಲಿಲ್ಲ!

"ಮನೆತನದಲ್ಲಿ ಹೀಗಿದ್ದರೆ ಮಕ್ಕಳಿಗೂ ನೋಡಬೇಕು," ಎಂದರು ಡಾಕ್ಟರ್. ಶಿವಾನಿ ನಗುತ್ತ ತೋಳು ಚಾಚಿದಳು. ಎರಡು ದಿನದ ಮೇಲೆ ರಿಪೋರ್ಟು ಬಂತು. ಅವಳಿಗೂ ಹೆಚ್ಚೇ ಇತ್ತು, ತಂದೆಯಷ್ಟಲ್ಲ.

ಆರೋಗ್ಯ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಬಸವರಾಜು ತಲೆ ತಗ್ಗಿಸಿ ಕುಳಿತರು. "ನನ್ನಿಂದ ಬಂತಲ್ಲ ಮಗಾ ನಿಂಗೆ."

"ಅಪ್ಪಾಜಿ, ಈ ಮೂಗೂ ನಿಮ್ಮಿಂದಾನೇ ಬಂದಿರೋದು. ಅದಕ್ಕೇನ್ ಅಳ್ತಾ ಕೂತಿದೀನಾ?" ಅವಳು ತಂದೆಯ ಹೆಗಲಿಗೆ ತಲೆಯಾನಿಸಿದಳು. "ನಿಮಗೆ ಈಗ ಗೊತ್ತಾಯ್ತು. ನಂಗೆ ಇಪ್ಪತ್ತೆರಡಕ್ಕೇ ಗೊತ್ತಾಯ್ತು. ನಾನು ಊಟ, ವಾಕಿಂಗ್ ಸರಿ ಮಾಡ್ಕೋಬೇಕಂತೆ. ಮಾತ್ರೆ ಬೇಕಾ ಅಂತ ಆಮೇಲೆ ನೋಡ್ತಾರಂತೆ. ಆದ್ರೆ ನೀವು ನಿಮ್ಮ ಮಾತ್ರೆ ತಗೊಳ್ದೇ ಇದ್ರೆ ನಂಗೆ ಯಾರು ಹೇಳಿಕೊಡೋರು?"

ಆ ರಾತ್ರಿ ಊಟವಾದ ಮೇಲೆ ಬಸವರಾಜು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡರು. ಅಣ್ಣನ ಮುಖ ಮತ್ತೆ ಕಣ್ಮುಂದೆ ಬಂತು. ಗಿರಿಜಾಂಬಾ ನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಬಸವರಾಜು ಹೆಂಡತಿಯ ಮುಖ ನೋಡಿದರು, ಮಾತ್ರೆ ನುಂಗಿದರು.

ಈಗ ಅಪ್ಪ ಮಗಳು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬಿರುಸಾಗಿ ನಡೆಯುತ್ತಾರೆ. ಮುಂದಿನ ಪರೀಕ್ಷೆಯಲ್ಲಿ ಬಸವರಾಜು ಅವರ ಕೊಲೆಸ್ಟ್ರಾಲ್ ಡಾಕ್ಟರ್ ಹೇಳಿದ ಮಟ್ಟಕ್ಕೆ ಇಳಿದಿತ್ತು. "ಇಳೀತಲ್ಲ, ಇನ್ನು ಬಿಡ್ಲಾ?" ಎಂದು ಕೇಳಿದ್ದಕ್ಕೆ ಡಾಕ್ಟರ್ ನಕ್ಕರು. "ತಗೊಳ್ತಿದ್ದೀರಿ ಅಂತಲೇ ಇಳಿದಿರೋದು. ಬಿಟ್ಟರೆ ಮತ್ತೆ ಏರುತ್ತೆ."

ಪುಟ್ಟಣ್ಣ ಟೀ ಕೊಡುತ್ತ ಛೇಡಿಸಿದ. "ಅಂತೂ ಮಾತ್ರೆಗೆ ಬಿದ್ದೆ ಅನ್ನು."

"ಬಿದ್ದಿಲ್ಲ ಕಣೋ, ಎದ್ದಿದೀನಿ. ನೀನ್ ಯಾವತ್ತಾದ್ರೂ ರಕ್ತ ತೋರಿಸಿದ್ಯಾ? ನಡಿ, ನಾನೇ ಬರ್ತೀನಿ ಜೊತೇಲಿ."

ಅಕ್ಕಂದಿರೇ, ಅಣ್ಣಂದಿರೇ, ಕೊಲೆಸ್ಟ್ರಾಲ್ ಏರಿದರೆ ನೋವಾಗುವುದಿಲ್ಲ, ಜ್ವರ ಬರುವುದಿಲ್ಲ. ತೆಳ್ಳಗಿರುವವರಿಗೂ ಬರುತ್ತದೆ, ಸಸ್ಯಾಹಾರಿಗಳಿಗೂ ಬರುತ್ತದೆ. ರಕ್ತಪರೀಕ್ಷೆ ಮಾಡಿಸದೆ ಗೊತ್ತಾಗುವ ದಾರಿಯೇ ಇಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಎದೆಯ ಕಾಯಿಲೆಯಿಂದ ಹೋಗಿದ್ದರೆ ತಡಮಾಡಬೇಡಿ, ಮಕ್ಕಳಿಗೂ ನೋಡಿಸಿ. ಮಾತ್ರೆ ಕೊಟ್ಟಿದ್ದರೆ ಡಾಕ್ಟರನ್ನು ಕೇಳದೆ ಬಿಡಬೇಡಿ. ಬೇರೆ ಏನನ್ನಾದರೂ ನುಂಗುತ್ತಿದ್ದರೆ ಅದನ್ನು ಅವರಿಗೆ ಹೇಳಿ. ಭಯವಾದರೆ ಭಯ ಎಂದೇ ಹೇಳಿ, ಅದರಲ್ಲಿ ನಾಚಿಕೆಯಿಲ್ಲ. ಈ ವಾರ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಹೋಗಿ. ಒಬ್ಬರೇ ಹೋಗಬೇಡಿ, ನಿಮಗೆ ಬೇಕಾದವರ ಕೈ ಹಿಡಿದುಕೊಂಡು ಹೋಗಿ.