ಹಿಂದಿನ ಕೋಣೆಯ ನೀಲಿ

ಮೇಸ್ತ್ರಿ ಡಬ್ಬದೊಳಗೆ ಕಡ್ಡಿ ತಿರುಗಿಸುತ್ತಲೇ ಇದ್ದ. ಮೂರನೇ ಸಲ ಕಲಸುತ್ತಿದ್ದ ನೀಲಿ ಅದು. ಅಂಗಳದಲ್ಲಿ ಎರಡು ಸ್ಟೂಲಿನ ಮೇಲೆ ಖಾಲಿ ಶವಪೆಟ್ಟಿಗೆ. ಒಳಗೆ ಮಂಚದ ಮೇಲೆ ಅದರಲ್ಲಿ ಮಲಗಬೇಕಾದವನು.

"ಆಯ್ತಾ ತಮ್ಮಾ?" ಸತ್ತವನ ಹೆಂಡತಿ ಬಾಗಿಲಿಗೆ ಬಂದಳು. "ಪೆಟ್ಟಿಗೆಗೆ ನಮ್ಮನೆ ಗೋಡೆ ನೀಲಿನೇ ಆಗ್ಬೇಕು. ನಿನ್ನ ಕೈಯಿಂದಾನೇ ಆಗ್ಬೇಕು. ಗೋಡೆ ಬಣ್ಣ ನಮ್ಮ ಮೇಸ್ತ್ರಿ ಕಲಸಿದ್ದು ಅಂತ ಇವರು ಎಷ್ಟು ಹೊಗಳೋರು ಗೊತ್ತಾ?"

ಮೇಸ್ತ್ರಿ ಡಬ್ಬಕ್ಕೆ ಇನ್ನೊಂದು ಚಿಟಿಕೆ ನೀಲಿ ಹಾಕಿದ.

*

ಬಣ್ಣದ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಮೇಸ್ತ್ರಿಗೆ ಕಡ್ಡಿ ಹಿಡಿಯಲೂ ಬರುತ್ತಿರಲಿಲ್ಲ. ಕಲಿಸಿದವನು ಈ ಸತ್ತವನೇ. ಹೆಬ್ಬೆರಳ ಉಗುರಿಗೆ ಒಂದು ತೊಟ್ಟು ಹಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಸುಮ್ಮನೆ ಕಾಯುತ್ತಿದ್ದ. "ಹಸಿ ಬಣ್ಣ ಸುಳ್ಳು ಹೇಳುತ್ತೆ ಕಣೋ. ಒಣಗಲಿ, ಆಮೇಲೆ ಮಾತಾಡೋಣ."

ಮೇಸ್ತ್ರಿಗಿರಿ ಆ ಕಲಿಸಿದವನಿಗೇ ಅಂತ ಎಲ್ಲರೂ ಅಂದುಕೊಂಡಿದ್ದರು. ಕಾರ್ಖಾನೆಯ ಸಾಹೇಬರು ಇಬ್ಬರನ್ನೂ ಕರೆಸಿ, ಅವನ ಕಡೆ ತಿರುಗಿದರು.

"ಗಿರಾಕಿಗಳು ನಮ್ಮ ಜನ. ನಿಮ್ಮಂಥ ಕರಿಯರ ಕೈಯಿಂದ ಡಬ್ಬ ತಗೊಳ್ಳಲ್ಲ. ನೀನು ಹಿಂದಿನ ಕೋಣೇಲಿ ಕಲಸು. ಇವನು ನಮ್ಮವನು, ಮುಂದೆ ನಿಂತು ತಾನೇ ಮಾಡಿದ್ದು ಅಂತ ತೋರಿಸ್ತಾನೆ. ಮಾತು ಹೊರಗೆ ಹೋದ್ರೆ ಇಬ್ಬರಿಗೂ ಕೆಲಸ ಇಲ್ಲ."

ಅವನು ಉಗುರು ಒರೆಸಿಕೊಳ್ಳುತ್ತ "ಆಗಲಿ ಸಾರ್" ಅಂದ. ಹೊರಗೆ ಬಂದಮೇಲೆ ಅವನೇ ಹೊಸ ಮೇಸ್ತ್ರಿಯ ಬೆನ್ನು ತಟ್ಟಿದ: "ಏನ್ ಮೇಸ್ತ್ರಿ, ಇನ್ಮೇಲೆ ನಿಂಗೂ ಸಲಾಂ ಹೊಡೀಬೇಕಾ?"

ಇಪ್ಪತ್ತಾರು ವರ್ಷ ಹಾಗೇ ನಡೆಯಿತು. ಸತ್ತವನು ಹೆಂಡತಿಯ ಮುಂದೂ ಬಾಯಿ ಬಿಟ್ಟಿರಲಿಲ್ಲ.

*

ಪೆಟ್ಟಿಗೆಗೆ ಬಣ್ಣ ಬಳಿದು ಮುಗಿಯುವಾಗ ಸಾಹೇಬರು ಬಂದರು. ಒಳಗೆ ಕಾಲಿಡಲಿಲ್ಲ.

"ಅದೇ ನೀಲಿ, ನೋಡಮ್ಮ. ನಮ್ಮ ಮೇಸ್ತ್ರಿ ಕೈ ಬಿದ್ರೆ ಮುಗೀತು. ನಿನ್ನ ಗಂಡನೂ ಪಾಪ, ನಿಯತ್ತಿನ ಆಳು. ಡಬ್ಬ ಹೊತ್ತೇ ಸವೆದ."

"ಅಕ್ಕಾ," ಅಂದ ಮೇಸ್ತ್ರಿ.

"ಏನಪ್ಪಾ?"

ಅವನು ಸಾಹೇಬರ ಮುಖ ನೋಡಿದ. ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸಿದ.

"ಏನಿಲ್ಲ. ಒಣಗಬೇಕು."

ಬಿಸಿಲು ಏರಿತು. ಪೆಟ್ಟಿಗೆ ಒಳಗೆ ಒಯ್ದು, ಸತ್ತವನನ್ನು ಮಲಗಿಸಿ, ನಾಲ್ವರು ಎತ್ತಿದರು. ತಲೆಯ ಕಡೆ ಮೇಸ್ತ್ರಿ. ಮುಚ್ಚಳ ಅಂಗಳಕ್ಕೆ ತಂದಮೇಲೆ ಹಾಕುವುದಿತ್ತು. ಬಾಗಿಲು ಇಕ್ಕಟ್ಟು, ಹೊಸ್ತಿಲಲ್ಲಿ ಪೆಟ್ಟಿಗೆ ಗೋಡೆಗೆ ತಾಗಿ ನಿಂತಿತು.

ಪೆಟ್ಟಿಗೆಯ ಒಣಗಿದ ಬಣ್ಣ ಬೂದಿ ಬಡಿದ ಹಾಗಿತ್ತು. ಪಕ್ಕದಲ್ಲೇ ಗೋಡೆ, ಆಗಷ್ಟೇ ಬೆಳಕು ಹರಿದ ಆಕಾಶದ ಹಾಗೆ.

ಹೆಂಡತಿ ಪೆಟ್ಟಿಗೆ ನೋಡಿದಳು, ಗೋಡೆ ನೋಡಿದಳು, ಮೇಸ್ತ್ರಿಯನ್ನು ನೋಡಿದಳು. ಅವನ ಎರಡು ಕೈಯೂ ಪೆಟ್ಟಿಗೆಯ ಭಾರದಡಿ ಇದ್ದವು. ಅವಳು ಗಂಡನ ಬಲಗೈ ಮೆಲ್ಲಗೆ ಎತ್ತಿ, ಎಷ್ಟು ತೊಳೆದರೂ ನೀಲಿ ಬಿಡದ ಹೆಬ್ಬೆರಳ ಉಗುರನ್ನು ಗೋಡೆಗೆ ಹಿಡಿದಳು.