ಊಟದ ಹೊತ್ತಿನ ಕೊಲೆ

"ತೆಗೀಬೇಡ ಕಣೇ, ಬಾಗಿಲು ತೆಗೀಬೇಡ!" ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ಇನ್ಸ್‌ಪೆಕ್ಟರಮ್ಮ ಊಟದ ಕೋಣೆಯ ಟೀವಿಗೆ ಕೂಗಿದಳು. ಟೀವಿಯೊಳಗಿನ ಹುಡುಗಿ ಬಾಗಿಲು ತೆಗೆದೇಬಿಟ್ಟಳು.

ಇನ್ಸ್‌ಪೆಕ್ಟರಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಕೂರಿಸುವವಳು. ಊಟದ ಅರ್ಧ ಗಂಟೆಯಲ್ಲಿ ನಿಜವಾಗಿ ನಡೆದ ಕೊಲೆಗಳನ್ನು ನಟರಿಂದ ಆಡಿಸಿ ತೋರಿಸುವ ಕಾರ್ಯಕ್ರಮ ನೋಡದಿದ್ದರೆ ಅವಳಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಪೊಲೀಸರಿಗಿಂತ ಮೊದಲೇ ಕೊಲೆಗಾರನನ್ನು ಹಿಡಿದುಕೊಡುತ್ತಿದ್ದಳೆಂದು ಜೊತೆಯವರು ಈ ಹೆಸರಿಟ್ಟಿದ್ದರು. "ಎಲ್ಲಾ ಕೇಸಲ್ಲೂ ಗಂಡನ್ನೇ ಹಿಡೀತಾಳೆ," ಎಂದು ನಗುತ್ತಿದ್ದರು. ಹತ್ತಕ್ಕೆ ಎಂಟು ಸಲ ಅದು ಸರಿಯೂ ಇರುತ್ತಿತ್ತು. ಮನೆಯಲ್ಲಿ ವಯಸ್ಸಿಗೆ ಬಂದ ಮಗಳಿದ್ದಳು. ಅವಳಿಗೆ ಹೇಳಲೆಂದು ತಾಯಿ ಒಂದೊಂದು ಕೊಲೆಯಿಂದಲೂ ಒಂದೊಂದು ಬುದ್ಧಿ ಕಲಿತು ಮನೆಗೊಯ್ಯುತ್ತಿದ್ದಳು. ಮನೆಯ ಬಾಗಿಲಿಗೆ ಈಗ ಮೂರು ಚಿಲಕ.

"ಇವಳದೇ ತಪ್ಪು," ಎಂದಳು. "ಯಾರು ಏನು ಅಂತ ಕೇಳ್ದೆ ತೆಗೀತಾರಾ? ಮೈಮೇಲೆ ಎಚ್ಚರ ಬೇಡ್ವಾ?"

"ಅವಳು ತೆಗೀಲಿಲ್ಲ."

ಹಿಂದೆ ನಿಂತಿದ್ದವಳು ಇಸ್ತ್ರಿ ಹುಡುಗಿ. ಸೇರಿ ತಿಂಗಳಾಗಿತ್ತಷ್ಟೇ. ದಿನವೂ ಇಸ್ತ್ರಿ ಮೇಜಿನ ಬಳಿ ಒಬ್ಬಳೇ ಕೂತು ಉಣ್ಣುತ್ತಿದ್ದವಳು, ಇಂದು ಯಾವಾಗ ಬಂದು ನಿಂತಳೋ ಯಾರೂ ಗಮನಿಸಿರಲಿಲ್ಲ.

"ಅವನ ಹತ್ರ ಬೀಗದ ಕೈ ಇತ್ತು. ಇವಳೇ ಕೊಟ್ಟಿದ್ಲು. ಮದುವೆ ಆಗೋನಲ್ವಾ."

"ನೀನು ಮೊದಲೇ ನೋಡಿದ್ಯಾ ಇದನ್ನ?"

"ನಮ್ಮಕ್ಕ ಅಮ್ಮಾ ಅವಳು."

ಯಾರೋ ಟೀವಿ ಆರಿಸಿದರು. ಇನ್ಸ್‌ಪೆಕ್ಟರಮ್ಮನ ಕೈಯಲ್ಲಿನ ತುತ್ತು ಬಾಯಿಗೂ ಹೋಗಲಿಲ್ಲ, ಡಬ್ಬಿಗೂ ಇಳಿಯಲಿಲ್ಲ. ಅವಳು ನೋಡಿದ ಕೊಲೆಗಳಿಗೆ ಲೆಕ್ಕವಿರಲಿಲ್ಲ. ಸತ್ತವರಿಗೊಬ್ಬಳು ತಂಗಿ ಇದ್ದಾಳು, ಆ ತಂಗಿ ಎಲ್ಲೋ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಳು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಕೊಟ್ಟ ಬೀಗದ ಕೈಗೆ ಮೂರು ಚಿಲಕ ಏನು ಮಾಡೀತು? ಆದರೂ ನಾಲಗೆಯ ತುದಿಗೆ ಬಂದು ನಿಂತದ್ದು ಬೇರೆಯೇ ಪ್ರಶ್ನೆಗಳು: ಕೂಗಿದ್ದು ಯಾರಿಗೂ ಕೇಳಿಸಲಿಲ್ಲವಾ? ಅವನು ಸಿಕ್ಕಿದ್ದು ಹೇಗೆ? ತನ್ನ ಕೆಟ್ಟ ಕುತೂಹಲಕ್ಕೆ ತಾನೇ ನಾಚಿ ಅವನ್ನು ನುಂಗಿಕೊಂಡಳು.

"ನಿಮ್ಮಕ್ಕ... ಹೇಗಿದ್ಲಮ್ಮಾ?"

ಹುಡುಗಿ ಅವಳನ್ನೇ ದಿಟ್ಟಿಸಿದಳು. "ಹೇಗೆ ಸತ್ಲು ಅಂತ ಊರೆಲ್ಲಾ ಕೇಳ್ತು. ಇದನ್ನ ಯಾರೂ ಕೇಳಿರ್ಲಿಲ್ಲ." "ಮಹಾ ಬಾಯಿಬಡುಕಿ. ಆದ್ರೆ ನಾಯಿ ಕಂಡ್ರೆ ಪುಕ್ಕಲು. ನನ್ನನ್ನೇ ಮುಂದೆ ನಿಲ್ಲಿಸ್ಕೊಂಡು, 'ಕಚ್ಚೋದಾದ್ರೆ ಮೊದ್ಲು ಇವಳನ್ನ ಕಚ್ಚು' ಅಂತ ನಾಯಿಗೇ ಹೇಳೋಳು."

ಯಾರೋ ಕಿಸಕ್ಕೆಂದು ನಕ್ಕು, ಬಾಯಿ ಮುಚ್ಚಿಕೊಂಡರು. ಹುಡುಗಿಯೂ ನಕ್ಕಳು.

ಇನ್ಸ್‌ಪೆಕ್ಟರಮ್ಮ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. "ಕೂತ್ಕೋ. ಅಷ್ಟು ದೊಡ್ಡದಿತ್ತಾ ನಾಯಿ?"

ಕೆಲಸಕ್ಕೆ ಕರೆಯುವ ಗಂಟೆ ಹೊಡೆಯಿತು. ಆದರೂ ಹುಡುಗಿ ಕೂತು, ಬಗ್ಗಿ ಅಂಗೈಯನ್ನು ನೆಲದಿಂದ ಒಂದು ಗೇಣು ಮೇಲಕ್ಕೆ ಹಿಡಿದು ತೋರಿಸಿದಳು.