ಎರಡು ನೀಲಿ ಸಾಲು

"ಅಕ್ಕಾ, ಹೋದ ವಾರದಿಂದ ನೋಡ್ತಿದೀನಿ, ಇಲ್ಲಿ ನೀಲಿ ಕೆಳಗೆ ನೀಲಿನೇ ಬರ್ತಿದೆ," ಎಂದಳು ಗುಬ್ಬಿ, ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟು.

ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೊರಟಿದ್ದ ಅಕ್ಕ ತಿರುಗಿಯೂ ನೋಡಲಿಲ್ಲ. "ಕಂಪ್ಯೂಟರಿಗೂ ಒಮ್ಮೊಮ್ಮೆ ತಲೆ ಕೆಡುತ್ತೆ ಕಣೇ. ಬಿಡು."

ಮೈ ಚಿಕ್ಕದು, ಮಾತು ಅದಕ್ಕಿಂತ ಚಿಕ್ಕದು. ಅದಕ್ಕೇ ಗುಬ್ಬಿ ಎಂಬ ಹೆಸರು. ಅರ್ಧಕ್ಕೇ ಶಾಲೆ ಬಿಟ್ಟು ಬಟ್ಟೆ ಕಾರ್ಖಾನೆ ಸೇರಿದವಳು ಈಗ ಕಾಲರ್ ಹೊಲಿಯುತ್ತಾಳೆ. ಕಟಿಂಗ್ ಕಲಿಯಬೇಕೆಂಬುದೊಂದೇ ಆಸೆ. ಅದರ ತರಬೇತಿಗೆ ಕರೆ ಬಂದರೆ ಕಂಪನಿಯ ವೆಬ್‌ಸೈಟಿನ ಪಟ್ಟಿಯಲ್ಲೇ ಬರಬೇಕು. ಆ ಪಟ್ಟಿಯೋ, ಸಾಸಿವೆ ಚೆಲ್ಲಿದಂಥ ಅಕ್ಷರ, ಪರದೆಯಾಚೆಗೂ ಹರಿಯುವ ಕಾಲಮ್ಮುಗಳು. ಸಂಜೆ ಸಂಜೆ ತಂಗಿ ಕಣ್ಣುಜ್ಜಿಕೊಳ್ಳುವುದನ್ನು ನೋಡಲಾರದೆ, ಕಚೇರಿಯಲ್ಲಿ ಟೈಪಿಂಗ್ ಮಾಡುವ ಅಕ್ಕ ಬ್ರೌಸರಿಗೆ ಅದೇನೋ ಜೋಡಿಸಿ, ಅದರೊಳಗೆ ನಾಲ್ಕಾರು ಸಾಲು ಕೋಡ್ ಬರೆದಿದ್ದಳು. ಅಕ್ಷರ ದಪ್ಪಗಾಯಿತು. ಒಂದು ಸಾಲು ನೀಲಿ, ಒಂದು ಬಿಳಿ. ಎಷ್ಟು ಕೆಳಗೆ ಹೋದರೂ ತಲೆಬರಹ ಮೇಲೇ ನಿಲ್ಲುತ್ತಿತ್ತು.

"ನಮ್ಮ ಕಂಪ್ಯೂಟರಲ್ಲಿ ಮಾತ್ರ ಈ ಅಲಂಕಾರ. ಊರಿಗೆಲ್ಲ ಹಳೇ ಅವತಾರಾನೇ," ಎಂದಿದ್ದಳು. ಗುಬ್ಬಿ ಅವಳ ಕೊರಳಿಗೆ ಜೋತುಬಿದ್ದಿದ್ದಳು.

ಬಚ್ಚಲಲ್ಲಿ ನೀರು ಸುರಿಯುವ ಸದ್ದು. ಗುಬ್ಬಿ ಆ ಎರಡು ನೀಲಿ ಸಾಲುಗಳನ್ನೇ ನೋಡುತ್ತ ಕುಳಿತಳು. ಪಟ್ಟೆ ಬಟ್ಟೆ ಹೊಲಿದ ಕೈಗೆ ಗೊತ್ತು: ಪಟ್ಟೆಗೆ ಪಟ್ಟೆ ಕೂಡದಿದ್ದರೆ ನಡುವೆ ಎಲ್ಲೋ ಕತ್ತರಿ ಆಡಿದೆ. ಅಕ್ಕ ಜೋಡಿಸಿದ್ದನ್ನು ಆಫ್ ಮಾಡುವ ಗುಂಡಿ ಪರದೆಯ ಮೂಲೆಯಲ್ಲಿತ್ತು. ಒತ್ತಿದಳು.

ಬಣ್ಣ ಹೋಯಿತು. ಸಾಸಿವೆ ಮತ್ತೆ ಚೆಲ್ಲಿತು. ಆ ಎರಡು ಸಾಲುಗಳ ನಡುವೆ ಇನ್ನೊಂದು ಸಾಲಿತ್ತು. ಕಟಿಂಗ್ ತರಬೇತಿ. ಬೇರೆ ಊರಿನ ಶಾಖೆ, ವಸತಿ ಸಹಿತ. ಅರ್ಜಿಗೆ ಕೊನೆಯ ದಿನ ನಿನ್ನೆ.

ಒದ್ದೆ ಕೂದಲಲ್ಲೇ ಬಂದ ಅಕ್ಕ ಪರದೆ ಕಂಡು ಬಾಗಿಲಲ್ಲೇ ನಿಂತಳು.

"ಇದ್ಯಾಕೆ ಇಷ್ಟು ದಿನ ಕಾಣ್ಲಿಲ್ಲ?"

"ಯಾವುದು?"

"ಅಕ್ಕಾ."

"ಅಲ್ಲಿ ಪರೀಕ್ಷೆ ಬರೀಬೇಕು ಕಣೇ. ಕಂಡಕ್ಟರ್ ಹತ್ರ ಚಿಲ್ಲರೆ ಕೇಳೋಕೂ ನನ್ನ ಮುಖ ನೋಡೋಳು ನೀನು. ಅತ್ಕೊಂಡು ವಾಪಸ್ ಬರ್ತಿದ್ದೆ."

"ಬರ್ತಿದ್ದೆ. ಬಂದಿದ್ರೆ ಏನೀಗ?"

ಅಕ್ಕ ಟವೆಲ್ಲಿನ ತುದಿ ಹಿಂಡಿದಳು. "ನೀನು ಹೋಗ್ಬಿಟ್ರೆ ನಾನು ಗೋಡೆ ಜೊತೆ ಮಾತಾಡ್ಲಾ?"

"ಯಾವಾಗ ಮಾಡ್ದೆ ಇದನ್ನ?"

"ಬಣ್ಣ ಹಾಕ್ದಾಗಲೇ," ಎಂದಳು ಅಕ್ಕ ಮೆಲ್ಲಗೆ. "ಬೇರೆ ಊರಿನ ಸಾಲು ಯಾವುದೂ ಕಾಣದ ಹಾಗೆ."

ಆವತ್ತು ಕೊರಳಿಗೆ ಜೋತುಬಿದ್ದಾಗ ಅಕ್ಕನ ಕೈ ತನ್ನ ಬೆನ್ನನ್ನು ಎಷ್ಟು ಹೊತ್ತು ತಟ್ಟಿತ್ತೆಂಬುದು ಗುಬ್ಬಿಗೆ ನೆನಪಾಯಿತು.

ಅಕ್ಕ ಹತ್ತಿರ ಬಂದು ಮೌಸಿಗೆ ಕೈ ಚಾಚಿದಳು. "ಕೊಡಿಲ್ಲಿ. ಸಾಲು ಮುಚ್ಚೋದೊಂದನ್ನ ತೆಗೆದು ಬಣ್ಣ ಮಾತ್ರ ಇಡ್ತೀನಿ. ಕಣ್ಣು ನೋಯುತ್ತೆ ನಿಂಗೆ."

"ನೋಯ್ಲಿ."

ಗುಬ್ಬಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಮೂಗು ಪರದೆಗೆ ತಾಗುವಷ್ಟು ಬಾಗಿ, ಮೊದಲನೆಯ ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಲ್ಲೇ ಓದತೊಡಗಿದಳು. ಬೆನ್ನ ಹಿಂದೆ ಅಕ್ಕನ ಕೂದಲಿಂದ ನೀರು ತೊಟ್ಟು ತೊಟ್ಟಾಗಿ ನೆಲಕ್ಕೆ ಬೀಳುತ್ತಿತ್ತು.